ಚಪ್ಪಾಳೆ ತಟ್ಟಿ ಕೊಟ್ಟ ನಲ್ಲಿ

ನಮ್ಮ ಓಣಿಯ ನಲ್ಲಿಯನ್ನು ಯಾರೂ ಕಸಿದುಕೊಳ್ಳಲಿಲ್ಲ. ನಾವೇ ಚಪ್ಪಾಳೆ ತಟ್ಟಿ ಕೊಟ್ಟೆವು.

ಆಳಂದದ ನಮ್ಮ ಬಡಾವಣೆಯ ಸಭೆಯಲ್ಲಿ ಗಂಡಸರು ಮುಂದೆ ಕುರ್ಚಿಯ ಮೇಲೆ, ಹೆಂಗಸರಾದ ನಾವು ಹಿಂದೆ ಜಮಖಾನದ ಮೇಲೆ ಕೂತಿದ್ದೆವು. ಮೈಕಿನ ಡಬ್ಬಿ ಗಂಡಸರ ಕಡೆಗೇ ಮುಖ ಮಾಡಿತ್ತು. ವಾರ್ಡ್ ಮೆಂಬರ್ ಏನೋ ಹೇಳಿದ, ನಮಗೆ ಕೇಳಿಸಲಿಲ್ಲ. ಮುಂದಿನವರು ಚಪ್ಪಾಳೆ ಹೊಡೆದರು, ನಾವೂ ಹೊಡೆದೆವು.

"ಏನಂದ್ರು ಆಯಿ?" ಎಂದು ಪಕ್ಕದ ಮನೆಯ ರಬಿಯಾ ಕೇಳಿದಳು.

"ಯಾರಿಗ್ಗೊತ್ತಬೇ, ಚಾ ಬರೋತನಾ ಸುಮ್ಮ ಕೂಡು" ಅಂದೆ.

ಮರುದಿನದ ಪತ್ರಿಕೆಯನ್ನು ಅಕ್ಷರ ಕೂಡಿಸಿ ಓದಿದೆ. ನಲ್ಲಿಯನ್ನು ದೊಡ್ಡ ರಸ್ತೆಯ ಆಚೆಗೆ ಹಾಕಲು ಮಹಿಳೆಯರೂ ಒಪ್ಪಿದರಂತೆ! ತುಂಬಿದ ಕೊಡ ಹೊತ್ತು ಲಾರಿಗಳ ನಡುವೆ ದಾಟಬೇಕಾದವರು ನಾವು. ನೇರವಾಗಿ ಮೆಂಬರನ ಮನೆಗೆ ಹೋದೆ.

"ನೀವೇ ಚಪ್ಪಾಳಿ ಹೊಡದೀರಲ್ಲ ಆಯಿ? ನಾಳಿ ಪೈಪ್ ಕೀಳಾಕ ಬರ್ತಾರ" ಎಂದು ನಕ್ಕ.

ಮರುದಿನ ಬೆಳಿಗ್ಗೆ, ಪೈಪ್ ಕೀಳುವವರು ಬರುವ ಮೊದಲೇ, ಅದೇ ಜಮಖಾನವನ್ನು ನಲ್ಲಿಯ ಸುತ್ತ ಹಾಸಿ ಓಣಿಯ ಹೆಂಗಸರನ್ನೆಲ್ಲ ಕೂಡಿಸಿದೆ. ಮೆಂಬರ್ ಓಡಿ ಬಂದ. "ಈಗ ಹೇಳ್ರಿ, ಎಲ್ಲಾ ಕೇಳಸ್ತದ" ಅಂದೆ. ಕೈಗಳನ್ನು ಮಡಿಲಲ್ಲೇ ಇಟ್ಟುಕೊಳ್ಳಿರೆಂದು ಎಲ್ಲರಿಗೂ ಮೊದಲೇ ತಾಕೀತು ಮಾಡಿದ್ದೆ.