ಅರ್ಧ ಪಾಯಿಂಟಿಗೆ ಹೋದ ಜೀಪು

ಬಾಳೂರಿನ ಕಾಫಿ ಮಂಡಿಯಲ್ಲಿ ನಾನು ರೈಟರು. ರೈಟರೆಂದರೆ ಕಥೆ ಬರೆಯುವವನಲ್ಲ, ತೂಕ ಬರೆಯುವವನು. ಬೆಳೆಗಾರರು ತಂದ ಒಣ ಚೆರಿಯಲ್ಲಿ, ಅಂದರೆ ಒಣಗಿಸಿದ ಕಾಫಿ ಹಣ್ಣಿನಲ್ಲಿ, ಸ್ವಲ್ಪ ತೆಗೆದು, ಸಿಪ್ಪೆ ಬಿಡಿಸಿ, ಐವತ್ತು ಕೆಜಿ ಮೂಟೆಗೆ ಎಷ್ಟು ಕೆಜಿ ಬೀಜ ಸಿಗುತ್ತದೆಂದು ಹೇಳಬೇಕು. ಅದಕ್ಕೆ ಔಟ್‌ಟರ್ನ್ ಅನ್ನುತ್ತೇವೆ. ರೇಟು ನಿಲ್ಲುವುದು ಅದರ ಪಾಯಿಂಟಿನ ಮೇಲೆ. ಇಪ್ಪತ್ತಾರೂವರೆ ಬಂದರೆ ಇಪ್ಪತ್ತಾರು ಎಂದು ಬರೆಯುತ್ತೇನೆ. ಯಾರಾದರೂ ಗೊಣಗಿದರೆ, "ಅರ್ಧ ಪಾಯಿಂಟಲ್ಲಿ ಏನ್ ಹೋಗುತ್ತೆ ಮಾರಾಯ್ರೆ" ಅನ್ನುತ್ತೇನೆ. ಏನು ಹೋಗುತ್ತದೆಂದು ನನಗೆ ಚೆನ್ನಾಗಿಯೇ ಗೊತ್ತು.

ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದ ಗೆಳೆಯ ಜೀಪು ಓಡಿಸುತ್ತಿದ್ದ. ಬೆಳಗ್ಗೆ ಆಳುಗಳನ್ನು ತೋಟಕ್ಕೆ ಬಿಡುವುದು, ಆಮೇಲೆ ಟೂರಿಸ್ಟರನ್ನು ದೇವರಮನೆಗೋ ಹೊರನಾಡಿಗೋ ಕರೆದೊಯ್ಯುವುದು. ಸ್ವಂತ ಜೀಪು, ಅವನ ಮನೆ ನಡೆಯುತ್ತಿದ್ದದ್ದೇ ಅದರಿಂದ. ಯಾರೋ ಹೋಂಸ್ಟೇ ಗಿರಾಕಿಗಳು ಅವನಿಗೆ ಅಮೆರಿಕದ ಫುಟ್‌ಬಾಲಿನ ಬೆಟ್ಟಿಂಗ್ ಹುಚ್ಚು ಹಿಡಿಸಿ ಹೋದರು. ಹೆಲ್ಮೆಟ್ ಹಾಕಿಕೊಂಡು ಒಬ್ಬರ ಮೇಲೊಬ್ಬರು ಬೀಳುವ ಆಟ! ನಾವು ಜನ್ಮದಲ್ಲಿ ಮೈದಾನದಲ್ಲಿ ನೋಡದ ಆಟ! ಮೂಡಿಗೆರೆಯಲ್ಲಿ ಫೋನಿನಲ್ಲೇ ಬಾಜಿ ಹಿಡಿಯುವವನೊಬ್ಬನಿದ್ದ. ಮೂರು ತಿಂಗಳಲ್ಲಿ, ಸೋತ ಬಾಕಿಗೆ ಅಡವಾಗಿ, ಜೀಪಿನ ಆರ್‌ಸಿ ಅವನ ಕೈ ಸೇರಿತು. ಕೊನೆಗೆ ಒಂದೇ ಪಂದ್ಯದ ಮೇಲೆ ಮಾತಾಯಿತು: ಗೆದ್ದರೆ ಆರ್‌ಸಿ ವಾಪಸ್, ಸೋತರೆ ಜೀಪೂ ಅವನದೇ.

ಪಂದ್ಯದ ಹಿಂದಿನ ದಿನ ಮಧ್ಯಾಹ್ನ ಗೆಳೆಯ ಮನೆಯಲ್ಲಿಟ್ಟಿದ್ದ ಒಂದು ಮೂಟೆ ಕಾಳುಮೆಣಸು ಜೀಪಿಗೆ ಹಾಕಿಕೊಂಡು ಮಂಡಿಗೆ ಬಂದ.

"ಇದನ್ನ ತಗೊಂಡು ದುಡ್ಡು ಕೊಡು ಮಾರಾಯ. ಅರ್ಧ ಪಾಯಿಂಟು ಕೊಂಡ್ಕೋಬೇಕು."

"ಎಂಥ ಅರ್ಧ ಪಾಯಿಂಟನಾ?"

ಬಿಡಿಸಿ ಹೇಳಿದ. ಅವನು ಹಿಡಿದದ್ದು ಕಡಿಮೆ ಬಲದ ಟೀಮು. ಹಾಗಾಗಿ ಅದಕ್ಕೆ ಎರಡೂವರೆ ಪಾಯಿಂಟು ಮೊದಲೇ ಬಿಟ್ಟುಕೊಟ್ಟಿದ್ದರು. ಒಂದೋ ಎರಡೋ ಪಾಯಿಂಟಿನಿಂದ ಸೋತರೂ ಬಾಜಿ ಇವನದೇ, ಮೂರರಿಂದ ಸೋತರೆ ಹೋಯಿತು. ಹೆಚ್ಚು ದುಡ್ಡು ಕಟ್ಟಿದರೆ ಎರಡೂವರೆ ಮೂರಾಗುತ್ತದೆ. ಆಗ ಸರಿಯಾಗಿ ಮೂರರಿಂದ ಸೋತರೆ ಬಾಜಿ ರದ್ದು, ಜೀಪು ಉಳಿಯುತ್ತದೆ.

ನನಗೆ ನಗು ಬಂತು. ಅರ್ಧವನ್ನು ಇಷ್ಟು ದುಬಾರಿಗೆ ಮಾರುವವನು ನನ್ನಂಥ ಕಳ್ಳನೇ ಇರಬೇಕು, ನನ್ನ ಹತ್ತಿರವೇ ಈ ಆಟವಾ ಅಂದುಕೊಂಡೆ. "ನಾನು ದಿನಾ ಮಾಡೋ ಕೆಲಸ ಅದು ಕಣೋ. ಅರ್ಧಕ್ಕೆ ಯಾರಾದ್ರೂ ದುಡ್ಡು ಸುರೀತಾರಾ? ಮೆಣಸು ಮನೆಗೆ ತಗೊಂಡು ಹೋಗು" ಅಂದೆ. ಅವನು ಮೂಟೆಯನ್ನು ವಾಪಸ್ ಜೀಪಿಗೆ ಎತ್ತಿ ಹಾಕಿದ. "ನೀನು ಹೇಳ್ತೀಯ ಅಂದ್ರೆ ಸರಿ ಬಿಡು" ಎಂದು ಹೊರಟ. ಬುದ್ಧಿವಂತನೆನಿಸಿಕೊಂಡ ಖುಷಿಯಲ್ಲಿ ನಾನು ಇನ್ನೊಂದು ಕಾಫಿ ಕುಡಿದೆ. ಥೂ, ನನ್ನ ಬಾಯಿಗೆ ಮಣ್ಣು ಹಾಕ!

ಪಂದ್ಯ ನಮಗೆ ಸೋಮವಾರ ಬೆಳಗ್ಗೆ. ಆಳುಗಳನ್ನು ತೋಟಕ್ಕೆ ಬಿಟ್ಟು ಅವನು ಮಂಡಿಯ ಕಣಕ್ಕೆ ಬಂದ. ಇಬ್ಬರೂ ಅವನ ಫೋನಿಗೆ ಕಣ್ಣು ನೆಟ್ಟೆವು. ಕೊನೆಯ ನಿಮಿಷದವರೆಗೂ ಸ್ಕೋರು ಸಮ. ಆಮೇಲೆ ಎದುರಾಳಿಯೊಬ್ಬ ಓಡಿ ಬಂದು ಚೆಂಡನ್ನು ಕಂಬಗಳ ನಡುವೆ ಒದ್ದ.

"ಒಂದೇ ಅಲ್ವನಾ?" ಅಂದೆ.

"ಒದ್ದಿದ್ದಕ್ಕೆ ಮೂರು" ಅಂದ ಅವನು. ಆಟ ಅಲ್ಲಿಗೆ ಮುಗಿಯಿತು, ಸರಿಯಾಗಿ ಮೂರರಿಂದ ಸೋಲು.

ಆ ಆಟದಲ್ಲಿ ಮೂರರ ಅಂತರವೇ ಎಲ್ಲಕ್ಕಿಂತ ಹೆಚ್ಚು ಬರುವುದು, ಕೊಂಡರೆ ಆ ಅರ್ಧವನ್ನೇ ಕೊಳ್ಳಬೇಕು ಎಂದು ನಾನು ಆಮೇಲೆ ಓದಿ ತಿಳಿದುಕೊಂಡೆ. ಮಾರುವವನ ಮೋಸ ಗೊತ್ತೆಂದುಕೊಂಡೆನೇ ಹೊರತು, ಆಟ ಏನೆಂದು ಒಂದು ಮಾತು ಕೇಳಿರಲಿಲ್ಲ.

ಮಾರನೇ ದಿನ ಮೂಡಿಗೆರೆಯವರು ಬಂದು ಜೀಪು ಒಯ್ದರು. ಸಂಜೆ ಗೆಳೆಯನ ಹೆಂಡತಿ ಮಂಡಿಗೆ ಬಂದಳು. ಹಿಂದೆಯೇ ಅವನೂ ಬಂದು ಬಾಗಿಲಲ್ಲಿ ನಿಂತ. ಬೆಳೆಗಾರರು ಏಳೆಂಟು ಮಂದಿ ತೂಕಕ್ಕೆ ಕಾಯುತ್ತಿದ್ದರು.

"ಮೆಣಸು ಮಾರೋದು ಬೇಡ, ಅರ್ಧ ತಗೋಬೇಡ ಅಂತ ನೀವು ಹೇಳಿದ್ದು ಹೌದಾ?" ಎಂದು ಎಲ್ಲರೆದುರು ಕೇಳಿದಳು.

"ನಾನಾ? ನಾನೆಲ್ಲಿ ಹೇಳ್ದೆ? ನಂಗೆ ಆ ಆಟವೇ ಗೊತ್ತಿಲ್ಲ" ಅಂದೆ. ಸಲೀಸಾಗಿ ಬಂತು ಮಾತು. ಈಗ ನೆನೆದರೆ ನನ್ನ ಮೇಲೆ ನನಗೇ ಹೇಸಿಗೆ.

ಅವನು ನನ್ನ ಮುಖ ನೋಡಲಿಲ್ಲ. "ಅವ್ರು ಹೇಳಿಲ್ಲ. ನಾನೇ ಸುಳ್ಳು ಹೇಳ್ದೆ, ಬಾ" ಎಂದು ಅವಳನ್ನು ಕರೆದುಕೊಂಡು ಹೋದ.

ಈಗ ಅವನು ಬೇರೆಯವರ ತೋಟದಲ್ಲಿ ಹಣ್ಣು ಕುಯ್ಯುತ್ತಾನೆ, ಮಂಡಿಗೆ ಮೂಟೆ ಹೊತ್ತು ತರುತ್ತಾನೆ. ಮೊದಲು 'ಮಾರಾಯ' ಅನ್ನುತ್ತಿದ್ದವನು ಮೂಟೆ ಇಳಿಸಿ, "ರೈಟ್ರೇ, ನೀವು ಬರ್ಕೊಳಿ" ಅನ್ನುತ್ತಾನೆ.