ಸೂಪಾ 564, ನಮ್ಮ ಮನೆ ಎಷ್ಟು?

ಮೊನ್ನೆ ಮಂಗಳವಾರ ಬೆಳಿಗ್ಗೆ ನಾನು ನನ್ನ ಸ್ವಂತ ಅಕ್ಕನನ್ನು ಅಪಹರಿಸಿದೆ.

(ಅಪಹರಣ ಎಂಬುದು ಅಕ್ಕನದೇ ಪದ. ನನ್ನ ಪ್ರಕಾರ ಅದು ರಕ್ಷಣಾ ಕಾರ್ಯಾಚರಣೆ.)

ಅಕ್ಕ ಇರುವುದು ದಾಂಡೇಲಿಯಲ್ಲಿ, ಕಾಳಿ ನದಿಗೆ ಕೂಗಿದರೆ ಕೇಳುವಷ್ಟು ಹತ್ತಿರ. ಎರಡು ತಿಂಗಳ ಹಿಂದೆ ಮೊಣಕಾಲಿನ ಆಪರೇಶನ್ ಆಗಿದೆ. ವಾಕರ್ ಹಿಡಿದು ಪಡಸಾಲೆಯಿಂದ ಅಡುಗೆಮನೆ ಮುಟ್ಟುವಷ್ಟರಲ್ಲಿ ಹಾಲು ಉಕ್ಕಿ, ಗ್ಯಾಸ್ ಆರಿ, ಬೆಕ್ಕು ಬಂದು ಹೋಗಿರುತ್ತದೆ. ಇಂಥವಳು ಹೊಳೆಯ ನೀರು ಬಂದರೆ ಓಡುವುದೆಲ್ಲಿಗೆ?

ನಾನಿರುವುದು ಹಳಿಯಾಳದಲ್ಲಿ. ಮೂವತ್ತು ವರ್ಷ ಹೈಸ್ಕೂಲಿನ ಮಕ್ಕಳಿಗೆ ಭೂಗೋಳ ಕಲಿಸಿದವನು. ಮಳೆಗಾಲದಲ್ಲಿ ನನ್ನ ದಿನ ಶುರುವಾಗುವುದು ಪತ್ರಿಕೆಯಲ್ಲಿ ಬರುವ ಜಲಾಶಯಗಳ ಪಟ್ಟಿಯಿಂದ. ಬೇರೆಯವರು ರಾಶಿಭವಿಷ್ಯ ನೋಡುತ್ತಾರಲ್ಲ, ಹಾಗೆ. ಕೆಆರ್‌ಎಸ್ ಗರಿಷ್ಠ ಮಟ್ಟ 124.80 ಅಡಿ. (ಅವರು ಅಣೆಕಟ್ಟಿನ ಬುಡದಿಂದ ಎಣಿಸುತ್ತಾರೆ. ಸಮುದ್ರದ ಹಂಗು ಬೇಡವೆಂದಿರಬೇಕು.) ದಾಂಡೇಲಿಯ ಮೇಲ್ಗಡೆ ಕಾಳಿಗೆ ಕಟ್ಟಿದ ಸೂಪಾದ್ದು 564 ಮೀಟರ್. ಇದು ಆಳವಲ್ಲ, ಸಮುದ್ರಮಟ್ಟದಿಂದ ಎತ್ತರ. ಅದೇ ಕಾಳಿ ನದಿ ಕೆಳಗಿಳಿದು ಕದ್ರಾ ಜಲಾಶಯ ತಲುಪುವಾಗ ಆ ಅಂಕಿ ಬರೀ 34.5. ಒಂದೇ ಹೊಳೆ, ಒಂದೇ ನೀರು. ಸ್ಥಾನಮಾನದಲ್ಲಿ ಎಷ್ಟು ಅಂತರ!

564 ನಮ್ಮ ಕುಟುಂಬಕ್ಕೆ ಬರೀ ಅಂಕಿಯಲ್ಲ. ನಾವು ಮೂಲತಃ ಸೂಪಾದವರು. ಅಣೆಕಟ್ಟಿನ ಸರ್ವೇಯವರು ಬಂದು ನಮ್ಮ ಮನೆಯ ಹಿಂದಿನ ಗುಡ್ಡದ ಮೇಲೆ 564ರ ಗುರುತಿಗೆಂದು ಸುಣ್ಣ ಬಳಿದ ಕಲ್ಲು ನೆಟ್ಟಾಗ ಅಪ್ಪ ಜೋರಾಗಿ ನಕ್ಕಿದ್ದರು.

"ಇಷ್ಟು ದೊಡ್ಡ ಗುಡ್ಡ ನೀರು ಏರತೈತೇನ್ರಿ ಸಾಹೇಬ್ರ?"

"ನೀರು ಏರೂದಿಲ್ರಿ," ಎಂದಿದ್ದ ಸರ್ವೇಯವ. "ಬರೇ ನಿಲ್ತೈತಿ. ಅದು ನಿಲ್ಲೂ ಜಾಗದಾಗ ನಿಮ್ಮ ಮನಿ ಐತಿ."

ನಾವು ಮುಳುಗಡೆಯವರಿಗೆಂದು ಮಾಡಿದ ಹೊಸ ಊರು ರಾಮನಗರಕ್ಕೆ ಗಂಟುಮೂಟೆ ಕಟ್ಟಿದೆವು. ಜಲಾಶಯ ತುಂಬಿದ ವರ್ಷ ನೋಡಲು ಹೋದರೆ ನೀರು ಆ ಸುಣ್ಣದ ಕಲ್ಲಿನ ಬುಡಕ್ಕೆ ಬಂದು, ಹೇಳಿದ ಮಾತಿಗೆ ತಪ್ಪದವರ ಹಾಗೆ, ನಿಂತಿತ್ತು. ಅಂದಿನಿಂದ ನಮ್ಮ ಮನೆಯಲ್ಲಿ ಸಮುದ್ರಮಟ್ಟದ ಲೆಕ್ಕ ಕೇಳಿ ಯಾರೂ ನಗುವುದಿಲ್ಲ.

ಹೀಗಿರುವಾಗ ಸೋಮವಾರದ ಪತ್ರಿಕೆಯಲ್ಲಿ ಸೂಪಾ ತುಂಬುವ ಹಂತಕ್ಕೆ ಬಂದಿದೆ, ನದಿಪಾತ್ರದ ಜನ ಎಚ್ಚರದಿಂದಿರಬೇಕು ಎಂಬ ಸುದ್ದಿ. ನನ್ನ ಮೊಬೈಲಿನಲ್ಲಿ ಎತ್ತರ ತೋರಿಸುವ ಆ್ಯಪ್ ಒಂದಿದೆ. ಹಿಂದಿನ ಸಲ ಅಕ್ಕನ ಪಡಸಾಲೆಯಲ್ಲಿ ಅದು ನಾನೂರ ಎಪ್ಪತ್ತರ ಆಸುಪಾಸು ತೋರಿಸಿದ್ದು ನೆನಪಾಯಿತು. ಐನೂರ ಅರವತ್ತನಾಲ್ಕರಲ್ಲಿ ಅದನ್ನು ಕಳೆದೆ. ಅಕ್ಕನ ತಲೆಯ ಮೇಲೆ ತೊಂಬತ್ತು ಮೀಟರ್ ಎತ್ತರದಲ್ಲಿ ನೀರು! ಫ್ಯಾನಿಗಿಂತ ಮೇಲೆ, ಮಾಡಿಗಿಂತ ಮೇಲೆ, ಕಾಗದದ ಮಿಲ್ಲಿನ ಚಿಮಣಿಗಿಂತಲೂ ಮೇಲೆ!

ಮಂಗಳವಾರ ಬೆಳಿಗ್ಗೆ ಬಾಡಿಗೆ ಕಾರಿನೊಂದಿಗೆ ಅವಳ ಬಾಗಿಲಲ್ಲಿದ್ದೆ.

"ಅಕ್ಕಾ, ನಡೀ. ಹಳಿಯಾಳಕ್ಕ ಹೋಗೂಣು."

"ಯಾಕ? ನಿನ್ನ ಹೆಂಡ್ತಿ ಅಡಿಗಿ ಮಾಡೂದು ಬಿಟ್ಟಾಳೇನು?"

"ಸೂಪಾ ತುಂಬಾಕತ್ತೈತಿ."

"ತುಂಬಲಿ. ಅದನ್ನ ಕಟ್ಟಿದ್ದ ತುಂಬಾಕ. ನೀರು ಬಿಡೂ ಮುಂದ ಗಾಡಿ ಮ್ಯಾಲೆ ಮೈಕ್ ಕಟ್ಕೊಂಡು ಬಂದು ಕೂಗ್ತಾರ. ಸೈರನ್ ಹೊಡೀತಾರ. ಆವಾಗ ಬರ್ತೇನಿ."

"ವಾಕರ್ ಹಿಡಕೊಂಡ?"

ಅಕ್ಕ ನನ್ನನ್ನು ಒಮ್ಮೆ, ವಾಕರನ್ನು ಒಮ್ಮೆ ನೋಡಿದಳು. ಆಮೇಲೆ ಔಷಧಿಯ ಡಬ್ಬಿ ಎತ್ತಿಕೊಂಡಳು.

ಹಳಿಯಾಳ ಎತ್ತರದ ಊರು. ಕಾಳಿ ಇಲ್ಲಿಗೆ ಬರಬೇಕೆಂದರೆ ನಿಜಕ್ಕೂ ಗುಡ್ಡ ಏರಬೇಕು. ಹಿತ್ತಿಲ ಕಡೆಯ ಕೋಣೆಯಲ್ಲಿ ಅಕ್ಕನಿಗೆ ಮಂಚ ಹಾಕಿಸಿ, ಗೆದ್ದ ಸೇನಾಪತಿಯಂತೆ ಮೊಬೈಲ್ ತೆಗೆದೆ. ಪಡಸಾಲೆಯಲ್ಲಿ 561 ಎಂದಿತು, ಸೂಪಾಕ್ಕಿಂತ ಮೂರೇ ಮೀಟರ್ ಕಡಿಮೆ; ನಡುವೆ ಗುಡ್ಡವಿದೆಯಲ್ಲ, ಸಾಕು. ಅಡುಗೆಮನೆಯಲ್ಲಿ 548. (ಅಡುಗೆಮನೆ ಅಷ್ಟು ಕೆಳಗಿದ್ದರೆ ನನ್ನ ಹೆಂಡತಿ ದಿನಾ ಹಗ್ಗ ಹಿಡಿದು ಇಳಿಯಬೇಕಿತ್ತು.) ಯಾವುದನ್ನು ನಂಬುವುದು? ಹೆಚ್ಚಿರುವುದನ್ನು ನಂಬಿದೆ. ಮನುಷ್ಯ ಎಂದಾದರೂ ಬೇರೆ ಮಾಡಿದ್ದಾನೆಯೇ?

ಬುಧವಾರ ಮಧ್ಯಾಹ್ನ ಅಕ್ಕ ಕಿಟಕಿಯ ಬಳಿಯಿಂದ ಕೂಗಿದಳು.

"ರಘು, ಮಳಿ ನಿಂತು ಎಷ್ಟೊತ್ತಾತು?"

"ಎರಡು ತಾಸಾತು."

"ಹಂಗಾದ್ರ ಒಗಿಯೂ ಕಲ್ಲಿನ ಬುಡದಾಗ ಇನ್ನೂ ಯಾಕ ನೀರು ಹರಿಯಾಕತ್ತೈತಿ?"

ಹೋಗಿ ನೋಡಿದೆ. ಬಟ್ಟೆ ಒಗೆಯುವ ಕಲ್ಲಿನ ಹಿಂದೆ ನಮ್ಮ ಹಿತ್ತಿಲು ಮುಗಿಯುತ್ತದೆ, ಓಣಿಯ ಕೆರೆಯ ಏರಿ ಶುರುವಾಗುತ್ತದೆ. ಏರಿಯ ಬುಡದಿಂದ ಬೆರಳು ಗಾತ್ರದ ನೀರು ಸದ್ದಿಲ್ಲದೆ ಹೊರಬರುತ್ತಿತ್ತು. ಕೆಂಪು ನೀರು. ಅಂದರೆ ಏರಿಯ ಮಣ್ಣನ್ನೂ ಜೊತೆಗೆ ತರುತ್ತಿತ್ತು.

ಇಪ್ಪತ್ತು ವರ್ಷದಿಂದ ಆ ಕೆರೆಯ ಪಕ್ಕ ಇದ್ದೇನೆ. ಅದು ಎಷ್ಟು ಎತ್ತರದಲ್ಲಿದೆ ಎಂದು ಒಂದು ದಿನವೂ ಕೇಳಿರಲಿಲ್ಲ.

ಪಕ್ಕದ ಮನೆಯ ಗೋಡೆಗೆ ಸಿಮೆಂಟಿನ ಗಿಲಾವು ಮಾಡುತ್ತಿದ್ದ ಜುಜೆ ಮೇಸ್ತ್ರಿಯನ್ನು ಕರೆದೆ. ಊರಾಚೆ ದಿಬ್ಬದ ಮೇಲಿನ ಕೇರಿಯವನು, ಮಾತು ಕಡಿಮೆ. ಕೆಂಪು ನೀರನ್ನು ನೋಡಿ ಬೀಡಿ ಎಸೆದ.

"ಕೆರಿ ನಮಗಿಂತ ಎಷ್ಟು ಮ್ಯಾಲೆ ಐತಿ ಮೇಸ್ತ್ರಿ?" ಎನ್ನುತ್ತ ನಾನು ಮೊಬೈಲ್ ತೆಗೆದೆ. "ಸಮುದ್ರಮಟ್ಟದಿಂದ ನೋಡಿದ್ರ..."

"ಮಾಸ್ತರ್ರ, ಸಮುದ್ರ ಭಾಳ ದೂರ ಐತ್ರಿ. ಈ ಪೈಪ್ ಹಿಡೀರಿ."

ಗಾರೆ ಕೆಲಸದ ಗೌಂಡಿಗಳು ಲೆವೆಲ್ ನೋಡುವ ಪಾರದರ್ಶಕ ಪೈಪು. ಒಳಗೆ ನೀರು. ಎರಡು ತುದಿ ಎಲ್ಲಿದ್ದರೂ ಒಳಗಿನ ನೀರು ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಒಂದು ತುದಿಯನ್ನು ಅವನು ಏರಿಯ ಮೇಲೆ ಗೂಟಕ್ಕೆ ಹಿಡಿದ. ಇನ್ನೊಂದನ್ನು ನಾನು ಹಿತ್ತಿಲ ಬಾಗಿಲ ಚೌಕಟ್ಟಿಗೆ ಹಿಡಿದೆ. ಎರಡೂ ಕಡೆ ಪೆನ್ಸಿಲ್ ಗುರುತು. ಗೂಟದ ಗುರುತಿನಿಂದ ಕೆರೆಯ ನೀರಿಗೆ ಎರಡು ಮೊಳ. ಬಾಗಿಲ ಗುರುತಿನಿಂದ ನಮ್ಮ ಹೊಸ್ತಿಲಿಗೆ ಮೂರು ಮೊಳ.

ಕಳೆಯುವ ಲೆಕ್ಕ ಈ ಸಲ ಬಹಳ ಸುಲಭವಿತ್ತು. ಕೆರೆಯ ನೀರು ನನ್ನ ಹೊಸ್ತಿಲಿಗಿಂತ ಒಂದು ಮೊಳ ಮೇಲಿತ್ತು. ಅಕ್ಕನ ಮಂಚದ ಕಾಲಿನ ಎತ್ತರ ಒಂದು ಮೊಳವೂ ಇಲ್ಲ.

"ತುಂಬಿದ್ರ ಕೋಡಿ ಹರೀಬೇಕಲ್ಲೋ?" ಎಂದಳು ಅಕ್ಕ, ವಾಕರಿನೊಂದಿಗೆ ಬಾಗಿಲಿಗೆ ಬಂದು. "ಹೆಚ್ಚಿನ ನೀರು ಹೋಗೂ ದಾರಿ ಎಲ್ಲೈತಿ?"

ಹೌದಲ್ಲ, ಎಲ್ಲಿದೆ? ಜುಜೆಯೂ ನಾನೂ ಏರಿಯ ಮೇಲೆ ನಡೆದು ಹುಡುಕಿದೆವು. ಕೋಡಿ ಇರಬೇಕಾದ ಜಾಗದಲ್ಲಿ ಬೈಕುಗಳು ನಿಂತಿದ್ದವು. ಮೇನ್ ರೋಡಿಗೆ ಹತ್ತಿರದ ದಾರಿಯಾಗಲೆಂದು ಓಣಿಯವರೆಲ್ಲ ವರ್ಷಗಟ್ಟಲೆ ಒಡೆದ ಇಟ್ಟಿಗೆ, ಮಣ್ಣು ತಂದು ಸುರಿದು ತುಂಬಿಸಿದ ಜಾಗ. ಜುಜೆ ಸಲಿಕೆ ಹಾಕಿದ. ಮೂರನೆಯ ಸಲಿಕೆಗೆ ಹಸಿರು ಟೈಲ್ಸಿನ ಚೂರು ಮೇಲೆ ಬಂತು. ಬಿಳಿ ಹೂವಿನ ಹಸಿರು ಟೈಲ್ಸ್.

ಜುಜೆ ಚೂರನ್ನು ತಿರುಗಿಸಿ ನೋಡಿದ. "ಇದು ನಿಮ್ಮ ಹಳೇ ಬಚ್ಚಲದ್ದಲ್ರೀ, ಮಾಸ್ತರ್ರ? ನಾನ ಒಡದಿದ್ನಿ."

ಹೌದು. ಅವನು ಒಡೆದಿದ್ದ. ಇಲ್ಲಿ ಸುರಿಯೆಂದು ಟ್ರಾಕ್ಟರಿನವನಿಗೆ ಕೈ ತೋರಿಸಿದ್ದು ನಾನು. ಮೂವತ್ತು ವರ್ಷ ಮಕ್ಕಳಿಗೆ ನೀರಿನ ಹರಿವು ಕಲಿಸಿದ ಕೈ.

ಓಣಿಯವರು ಬಂದರು, ಬೈಕು ಸರಿಸಿದರು, ಅಗೆದರು. ಸಂಜೆಯ ಹೊತ್ತಿಗೆ ಕೋಡಿಯಲ್ಲಿ ಮೊಣಕಾಲುಮಟ್ಟದ ನೀರು ಹರಿಯತೊಡಗಿತು. ಕೆರೆ ನಾಲ್ಕು ಬೆರಳು ಇಳಿಯಿತು. ಆದರೆ ಒಗೆಯುವ ಕಲ್ಲಿನ ಬಳಿಯ ಕೆಂಪು ನೀರು ನಿಲ್ಲಲಿಲ್ಲ, ಪಶ್ಚಿಮದಲ್ಲಿ ಮತ್ತೆ ಮೋಡ ಕಟ್ಟುತ್ತಿತ್ತು. ಸಂಬಂಧಪಟ್ಟವರಿಗೆ ಫೋನ್ ಮಾಡಿದೆ. ನಾಳೆ ನೋಡುತ್ತೇವೆ ಎಂದರು.

"ನಾಳಿ ತನಕಾ ಇಲ್ಲಿ ಬ್ಯಾಡ್ರಿ ಅಕ್ಕಾರ," ಎಂದ ಜುಜೆ. "ನಮ್ಮ ಮನಿಗೆ ಬರ್ರಿ. ದಿಬ್ಬದ ಮ್ಯಾಲೆ ಐತಿ."

"ಎಷ್ಟು ಎತ್ತರ?" ಎಂದು ನಾನು ಬಾಯ್ತಪ್ಪಿ ಕೇಳಿದೆ.

"ನಿಮ್ಮ ಕೆರಿಗಿಂತ ಮ್ಯಾಲೆ," ಎಂದ.

ಎರಡು ದಿನದಲ್ಲಿ ಅಕ್ಕನ ಎರಡನೆಯ ಅಪಹರಣ ಹೀಗೆ ನಡೆಯಿತು. ಈ ಸಲ ನನ್ನ ಹೆಂಡತಿಯೂ ಔಷಧಿಯ ಡಬ್ಬಿಯೂ ಕುಕ್ಕರೂ ಜೊತೆಗಿದ್ದವು. ಆಟೋದಲ್ಲಿ ಅಕ್ಕ ಒಂದೇ ಮಾತು ಕೇಳಿದಳು.

"ದಾಂಡೇಲ್ಯಾಗ ನೀರು ಬರೂ ಮುಂದ ಕೂಗಾಕ ಜನ ಅದಾರ. ಇಲ್ಲಿ ಯಾರು ಕೂಗ್ತಿದ್ರು?"

ನಾನು ಕುಕ್ಕರನ್ನು ತೊಡೆಯ ಮೇಲೆ ಸರಿಯಾಗಿ ಇಟ್ಟುಕೊಂಡೆ.

ಇದನ್ನು ಬರೆಯುತ್ತಿರುವುದು ಜುಜೆಯ ಪಡಸಾಲೆಯಲ್ಲಿ, ಗುರುವಾರ ಬೆಳಿಗ್ಗೆ. ಮಳೆ ಹೊಯ್ಯುತ್ತಿದೆ. ನೋಡಿ ಬಂದ ಜುಜೆ ಏರಿ ಇನ್ನೂ ನಿಂತಿದೆ ಎಂದ, ಕಾಲು ಒರೆಸಿಕೊಂಡು ಮತ್ತೆ ಹೋದ. ಪತ್ರಿಕೆ ಬಂದಿದೆ. ಸೂಪಾದ ಮಟ್ಟವನ್ನು ದಶಾಂಶದ ಸಮೇತ ಅಚ್ಚುಕಟ್ಟಾಗಿ ಹಾಕಿದ್ದಾರೆ. ಅಕ್ಕ ಕನ್ನಡಕ ಏರಿಸಿ ಪಟ್ಟಿಯನ್ನು ಮೇಲಿಂದ ಕೆಳಗೆ ಓದಿದಳು, ಮತ್ತೊಮ್ಮೆ ಓದಿದಳು, ಆಮೇಲೆ ನನ್ನ ಕೈಗೆ ಕೊಟ್ಟಳು.

"ನಿಮ್ಮ ಕೆರೀದು ಎಲ್ಲಿ ಬರದಾರ, ತೋರ್ಸು."

ಪುಟ ತಿರುಗಿಸಿ ತಿರುಗಿಸಿ ಹುಡುಕುತ್ತಿದ್ದೇನೆ. ನಿಮ್ಮ ಪತ್ರಿಕೆಯಲ್ಲೇನಾದರೂ ಬಂದಿದೆಯೇ?