ಬಾಯಿಪಾಠದ ಅಪ್ಪ

ಬಾಯಿಪಾಠ ಮಾಡಿ ಬಂದವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಮಣಿಪಾಲದ ನಮ್ಮ ಹಲ್ಲಿನ ಕ್ಲಿನಿಕ್ಕಿಗೆ ಬರುವವರಲ್ಲಿ ಅರ್ಧದಷ್ಟು ಹೊರರಾಜ್ಯದ ವಿದ್ಯಾರ್ಥಿಗಳು. ಹಾಗಾಗಿ ರಿಸೆಪ್ಷನ್ ಕೆಲಸಕ್ಕೆ ಇಂಗ್ಲಿಷ್ ಬೇಕೇ ಬೇಕು. ಜನ ಆರಿಸುವಾಗ ನಂದನ ಡಾಕ್ಟರ ಪಕ್ಕ ಕೂರುವವಳು ನಾನು, ಆಫೀಸು ನೋಡಿಕೊಳ್ಳುವ ಮನೋರಮಾ. ಬಂದವರೆಲ್ಲ "ಮೈ ಸ್ಟ್ರೆಂತ್ ಈಸ್ ಹಾರ್ಡ್ ವರ್ಕ್" ಎಂದು ಒಂದೇ ಉಸಿರಿಗೆ ಒಪ್ಪಿಸುತ್ತಾರೆ. ನಡುವೆ ಒಂದು ಪ್ರಶ್ನೆ ಹಾಕಿದರೆ ಗಾಡಿ ಅಲ್ಲೇ ನಿಂತಿತು.

ಅವತ್ತು ಕೆಲಸ ಕೇಳಿ ಬಂದ ದ್ರಾಕ್ಷಾಯಿಣಿ ಹಾಗಲ್ಲ ಎಂದು ನನಗನಿಸಿತು. ಬಾಗಲಕೋಟೆ ಕಡೆಯವಳು. ಚಿಕ್ಕವಳಿರುವಾಗಲೇ ಕಾರ್ಕಳಕ್ಕೆ ಬಂದು, ಕಟ್ಟಡ ಕೆಲಸದವರ ಶೆಡ್ಡುಗಳಲ್ಲಿ ಬೆಳೆದು, ಬಿ.ಕಾಂ. ಮುಗಿಸಿದ್ದಳು. ಸಂಜೆ ರಾಮದಾಸ ಮಾಸ್ಟ್ರ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಹೋಗುತ್ತಿದ್ದಳಂತೆ. ಅವಳು ತಲೆ ತಗ್ಗಿಸಿ ಮೆಲ್ಲಗೆ ಶುರುಮಾಡಿದಳು: "ಐ ಲಾಸ್ಟ್ ಮೈ ಫಾದರ್ ವೆನ್ ಐ ವಾಸ್ ಟೆನ್..."

ಹತ್ತನೇ ವರ್ಷಕ್ಕೆ ಅಪ್ಪ ತೀರಿಕೊಂಡದ್ದು, ಅಮ್ಮ ಒಬ್ಬಳೇ ಸಾಕಿದ್ದು, ಎಲ್ಲವನ್ನೂ ತಪ್ಪಿಲ್ಲದ ಇಂಗ್ಲಿಷಿನಲ್ಲಿ ಹೇಳಿದಳು. ನಂದನ ಡಾಕ್ಟರಿಗೂ ಸಣ್ಣ ಪ್ರಾಯದಲ್ಲೇ ತಂದೆ ಹೋದದ್ದು. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ನಡುವೆ ಪ್ರಶ್ನೆ ಹಾಕುವುದನ್ನು ಅವತ್ತು ನಾನೂ ಮರೆತೆ.

"ಇವಳೇ ಆಗಬಹುದು ಮನೋರಮಕ್ಕ," ಎಂದರು ಡಾಕ್ಟರು.

ಜೊತೆಗೆ ಬಂದವರಿಗೂ ಸುದ್ದಿ ಹೇಳೋಣವೆಂದು ಅವಳ ಹಿಂದೆಯೇ ಹೊರಗೆ ಬಂದೆ. ಬೆಂಚಿನ ಮೇಲೆ ಒಗೆದ ಬಿಳಿ ಅಂಗಿಯ ಒಬ್ಬರು ಕೂತಿದ್ದರು. ಉಗುರಿನ ಸಂದಿಯ ಸಿಮೆಂಟು ಮಾತ್ರ ಹೋಗಿರಲಿಲ್ಲ. ಒಂದು ಕಾಲನ್ನು ಹಿಡಿದುಕೊಂಡೇ ಎದ್ದು ನಿಂತರು.

"ಇವಳಿಗೆ ಕೆಲಸ ಸಿಕ್ಕಿತು," ಎಂದೆ. "ಎಷ್ಟು ಚಂದ ಮಾತಾಡಿದಳು ಗೊತ್ತುಂಟಾ? ಪಾಪ, ಹತ್ತು ವರ್ಷಕ್ಕೇ ಅಪ್ಪ ತೀರಿಹೋದರಂತಲ್ಲ. ನೀವು ಅವಳಿಗೆ ಎಂತ ಆಗಬೇಕು?"

ಅವರ ಮುಖದ ಕಳೆಯೇ ಹೋಯಿತು. ಹುಡುಗಿಯನ್ನು ನೋಡಿದರು. ಅವಳು ಗೋಡೆಗೆ ಒರಗಿ ನಿಂತುಬಿಟ್ಟಿದ್ದಳು. ಆಮೇಲೆ ನನಗೆ ಕೈಮುಗಿದರು.

"ಕಾಕಾ ಆಗಬೇಕ್ರೀ. ನಾ ಆಕೀ ಕಾಕಾ."

"ಅಪ್ಪಾ!" ಎಂದು ಹುಡುಗಿ ಚೀರಿದಳು.

ಬದುಕಿರುವ ಅಪ್ಪನನ್ನು ಹೊರಗೆ ಕೂರಿಸಿ, ಒಳಗೆ ಬಂದು ಸಾಯಿಸುವುದೆಂದರೆ! ಸಿಟ್ಟು ನೆತ್ತಿಗೇರಿತು.

"ಎಂತ ಮಾರಾಯ್ತಿ ಇದು? ಕೆಲಸಕ್ಕಾಗಿ ಇಷ್ಟು ದೊಡ್ಡ ಸುಳ್ಳಾ?"

"ಸುಳ್ಳ ಹೇಳಬೇಕಂತಲ್ರೀ ಮೇಡಂ," ಎಂದು ಅಳತೊಡಗಿದಳು. "ಅದು ರಾಮದಾಸ ಸರ್ ಮಾದರಿಗಂತ ತಮ್ಮ ಸ್ವಂತ ಕತಿ ಹೇಳಿಕೊಟ್ಟದ್ರೀ. ನೋಡ್ಕೊಂಡು ನಿಮ್ಮ ಬಗ್ಗೆ ಬರೀರಿ ಅಂದಿದ್ರು. ನಾ ಒಂದ್ ಶಬ್ದ ಬದಲ್ ಮಾಡಿದ್ರೂ ಇಂಗ್ಲಿಷ್ ತಪ್ಪತೈತಿ ಅಂತ ಅಂಜಿ, ಹಂಗ ಬಾಯಿಪಾಠ ಮಾಡಿದೆ."

ಅಪ್ಪ ಮಲಕಪ್ಪ ನಡುವೆ ಬಂದರು. "ದಿನಾ ಸಂಜಿಗೆ ಅದನ್ನ ಹೇಳತಿದ್ಲ್ರೀ ಅಮ್ಮಾರ. ನಾ ಎದುರಿಗೆ ಕುಂತು ಕೇಳತಿದ್ದೆ. ಭಾಳ ಚಲೋ ಅನಸ್ತಿತ್ತು."

ಇಂಗ್ಲಿಷ್ ತಿಳಿಯದ ಈ ಮನುಷ್ಯ ದಿನವೂ ತನ್ನ ಸಾವಿನ ಸುದ್ದಿ ಕೇಳಿ ತಲೆದೂಗಿದ್ದರು.

"ನೌಕರಿ ತಪ್ಪಿಸಬ್ಯಾಡ್ರೀ," ಎಂದು ಅವರು ಮತ್ತೆ ಕೈಮುಗಿದರು. "ನಾ ಇಲ್ಲಿ ಕಾಕಾ ಅಂತನ ಇರ್ತೀನಿ."

ಗಲಾಟೆ ಕೇಳಿ ಡಾಕ್ಟರು ಹೊರಗೆ ಬಂದರು. ಅವರಿಗೆ ವಿಷಯ ಹೇಳಿ, ನಾನು ಹುಡುಗಿಯ ಕಡೆ ತಿರುಗಿದೆ. "ಈಗ ಹೇಳು. ಇವರು ಯಾರು? ಇಂಗ್ಲಿಷಿನಲ್ಲೇ ಹೇಳು. ತಪ್ಪಾದರೆ ಆಗಲಿ."

ಅವಳು ಬಿಕ್ಕುತ್ತಲೇ ಬಾಯಿ ತೆರೆದಳು. "ಹಿ... ಮೈ ಫಾದರ್. ಬಿಲ್ಡಿಂಗ್ ಸೆಂಟ್ರಿಂಗ್ ವರ್ಕ್. ಲಾಸ್ಟ್ ಇಯರ್ ಹಿ ಫಾಲ್. ಲೆಗ್ ಪೇನ್. ಸ್ಟಿಲ್ ಹಿ ಗೋ ವರ್ಕ್, ಫಾರ್ ಮಿ. ಐ ಗೆಟ್ ಜಾಬ್, ಹಿ ಸ್ಟಾಪ್. ಐ ವಾಂಟ್... ಮೈ ಫಾದರ್ ಲಿವ್ ಲಾಂಗ್."

ಒಂದು ವಾಕ್ಯವೂ ನೆಟ್ಟಗಿರಲಿಲ್ಲ. ಒಂದೂ ಅರ್ಥವಾಗದೆ ಉಳಿಯಲಿಲ್ಲ.

"ಸೋಮವಾರದಿಂದ ಬರಲಿ ಮನೋರಮಕ್ಕ," ಎಂದರು ಡಾಕ್ಟರು. "ಉಳಿದದ್ದು ನಾವೇ ಕಲಿಸುವ."

ಮಲಕಪ್ಪ ಇಂಗ್ಲಿಷ್ ಮುಗಿಯುವವರೆಗೆ ಮಗಳ ಬಾಯಿಯನ್ನೇ ನೋಡುತ್ತಿದ್ದರು. ಈ ಸಲ ತಲೆದೂಗಲಿಲ್ಲ. ನನ್ನ ಹತ್ತಿರ ಬಂದು, ಹೆದರಿ ಹೆದರಿ ಕೇಳಿದರು:

"ಅಮ್ಮಾರ, ಈಗ ಏನಂದ್ಲ್ರೀ ನನ್ನ ಬಗ್ಗೆ?"